ಇಂಜಿನ್ನಿಗೆ ತುಂಬಿದ ಉಡಿ

ಟಕ್, ಟಕ್, ಟಕ್, ಆಮೇಲೆ ಒಂದು ಚೂರು ತಡೆದು ಇನ್ನೊಂದು ಟಕ್. ಹಳೆಯ ಪೆಟ್ರೋಲ್ ಇಂಜಿನ್ನಿನೊಳಗೆ ಸಡಿಲವಾದ ಟ್ಯಾಪೆಟ್ಟು ಹೊಡೆದುಕೊಳ್ಳುವ ಸದ್ದು ಅದು. ಪುಣೆಯ ಖಡಕಿಯಲ್ಲಿ, ನಮ್ಮ ಓಣಿಯ ತಿರುವಿನಲ್ಲಿ ಅದು ಕೇಳಿಸಿದ ಕೂಡಲೇ ನಾನು ಒಲೆಯ ಮೇಲೆ ಚಹಾದ ನೀರಿಡುತ್ತಿದ್ದೆ. ಪಿಕಪ್ಪು ಗೇಟು ದಾಟಿ ಬೇವಿನ ಮರದ ಕೆಳಗೆ ನಿಲ್ಲುವ ಹೊತ್ತಿಗೆ ನೀರು ಕುದಿಯುತ್ತಿತ್ತು. ಆ ಸದ್ದನ್ನು ಮುಂದೆ ನನ್ನ ಗಂಡ ನಿಲ್ಲಿಸಿಬಿಟ್ಟರು. ಹೆಚ್ಚು ಹೊತ್ತಿನ ಕೆಲಸವೇನಲ್ಲ, ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು ಸಾಕಾಯಿತು. ನಲವತ್ತು ವರ್ಷದ ಮೇಲಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಈ ವಯಸ್ಸಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ, ಬಿ.ಪಿ. ಏರುತ್ತದೆ ಎಂದು ನನ್ನನ್ನು ನೋಡುವ ಡಾಕ್ಟರ್ ಹುಡುಗಿ ಹೇಳುತ್ತಾಳೆ. ಏರಲಿ.

ನಮ್ಮದು ಶಹಾಬಾದಿ ಫರಶಿಯ ವ್ಯಾಪಾರ. ಆಗ ಪುಣೆಯ ಅಡುಗೆಮನೆ, ಮೊಗಸಾಲೆ, ಆಸ್ಪತ್ರೆಯ ಕಾರಿಡಾರು, ಶಾಲೆಯ ಜಗಲಿ ಎಲ್ಲಕ್ಕೂ ಆ ಬೂದುಬಣ್ಣದ ಕಲ್ಲಿನ ಹಾಸೇ. ಕಲ್ಲು ಕಲಬುರ್ಗಿ ಕಡೆಯಿಂದ ರೈಲಿನಲ್ಲಿ ಬರುತ್ತಿತ್ತು. ಅದನ್ನು ಹಾಸುವ ಮಂದಿಯೂ ಅಲ್ಲಿಂದಲೇ ಬರುತ್ತಿದ್ದರು. ನನ್ನ ಗಂಡ ಧಾರವಾಡದವರು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರುಗಳು ನನಗೆ ಪಿಯಾನೋ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು, ಎಲ್ಲಕ್ಕಿಂತ ಹೆಚ್ಚಾಗಿ ಹ್ಯಾಂಡ್‌ರೈಟಿಂಗ್ ಕಲಿಸಿದರು. ಒಂದಕ್ಷರದಿಂದ ಇನ್ನೊಂದಕ್ಷರಕ್ಕೆ ಪೆನ್ನು ಎತ್ತದೆ, ಬಲಕ್ಕೆ ಒಂದೇ ಸಮನೆ ಬಾಗಿಸಿ ಬರೆಯುವ ಕರ್ಸಿವ್. ಮದುವೆಯಾಗಿ ಕಲ್ಲಿನಂಗಳಕ್ಕೆ ಬಂದ ಮೇಲೆ ಪಿಯಾನೋ ಎಲ್ಲಿಂದ ಬರಬೇಕು? ಹ್ಯಾಂಡ್‌ರೈಟಿಂಗ್ ಒಂದು ಉಳಿಯಿತು. ಅಂಗಡಿಯ ಇಂಗ್ಲಿಷ್ ಪತ್ರಗಳೆಲ್ಲ ನನ್ನ ಕೈಯವೇ. ಐ ವಾಸ್ ವೆರಿ ಪ್ರೌಡ್ ಆಫ್ ಇಟ್. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ನಮ್ಮ ಹತ್ತಿರ ಮಿಲಿಟರಿ ಹರಾಜಿನಲ್ಲಿ ಕೊಂಡ ಒಂದು ಪಿಕಪ್ಪಿತ್ತು, ಹಸಿರು ಬಣ್ಣದ್ದು. ಅದೇ ದಿನ, ಅದೇ ಹರಾಜಿನಲ್ಲಿ, ಅದೇ ಮಾಡೆಲ್ಲಿನ ಇನ್ನೊಂದನ್ನು ಕೊಂಡವನು ಯಾದಗಿರಿ ಕಡೆಯ ಒಬ್ಬ ಫರಶಿ ಕೆಲಸದವ. ಅವನೂ ಅವನ ಹೆಂಡತಿಯೂ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಊರೆಲ್ಲ ಕಲ್ಲು ಹಾಸುತ್ತಿದ್ದರು. ಅವನು ಮುಕಾದಮ, ಅಂದರೆ ಗುಂಪಿನ ಯಜಮಾನ. ತನ್ನ ಗಾಡಿಗೆ ನೀಲಿ ಬಣ್ಣ ಹಚ್ಚಿಸಿದ್ದ. ಸ್ವಂತ ಗಾಡಿಯಿದ್ದ ಗುಂಪಿಗೆ ದೂರದ ಕೆಲಸ ಸಿಗುತ್ತಿತ್ತು. ಗಾಡಿಯಿಲ್ಲದವರು ರಸ್ತೆ ಕೂಡುವ ನಾಕಾದಲ್ಲಿ ನಿಂತು ಯಾರಾದರೂ ಕರೆಯಲೆಂದು ಕಾಯಬೇಕು. ವ್ಯತ್ಯಾಸ ಅಷ್ಟೇ, ಆದರೆ ಅಷ್ಟರಲ್ಲೇ ಇಡೀ ಬದುಕು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವನ ಎದೆಯಲ್ಲಿ ಕಲ್ಲಿನ ಧೂಳು ಕೂತು, ಅವನು ಹಾಸಿಗೆ ಹಿಡಿದ. ಹೆಂಡತಿ ಗುಂಪನ್ನು ತಾನೇ ನಡೆಸತೊಡಗಿದಳು, ಗಾಡಿಯನ್ನು ಅವಳ ತಮ್ಮ ಓಡಿಸುತ್ತಿದ್ದ. ದಾಪೋಡಿಯ ಹತ್ತಿರ ಒಂದು ಲಾರಿ ಬಂದು ಹಿಂದಿನಿಂದ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಗಾಡಿಯ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಮಾತ್ರ ಬಾಳೆಕಾಯಿಯ ಹಾಗೆ ಬಾಗಿತು. ಅದೇ ವರ್ಷ ನಮ್ಮ ಡ್ರೈವರ್ ಮಹಾಶಯ ನೀರಿಲ್ಲದ ರೇಡಿಯೇಟರಿನಲ್ಲೇ ಕಾತ್ರಜ ಘಾಟು ಹತ್ತಿಸಿ ನಮ್ಮ ಇಂಜಿನ್ನಿನ ಬ್ಲಾಕು ಸೀಳಿಸಿದ್ದ. ಅವರದು ಇಂಜಿನ್ ಗಟ್ಟಿ, ಚಾಸಿ ಹಾಳು. ನಮ್ಮದು ಚಾಸಿ ಗಟ್ಟಿ, ಇಂಜಿನ್ ಹಾಳು.

ಎರಡನ್ನೂ ನೋಡಿದವನು ಗಾಡಿ ರಿಪೇರಿ ಮಾಡುವ ನಮ್ಮ ಮರಾಠಿ ಮಿಸ್ತ್ರಿ. ಮುದುಕ, ಬಾಯಲ್ಲಿ ಸದಾ ತಂಬಾಕು. ಬೇವಿನ ಮರಕ್ಕೆ ಒರಗಿ, 'ದೋನ್ ಗಾಡ್ಯಾಂಚಿ ಏಕ್ ಕರೂ, ವಹಿನಿ' ಎಂದ. ಎರಡು ಗಾಡಿ ಸೇರಿಸಿ ಒಂದು ಮಾಡೋಣ.

ಮಾತು ಆ ಮರದ ಕೆಳಗೇ ಆಯಿತು. ಚಾಸಿ ನಮ್ಮದು, ಇಂಜಿನ್ ಅವರದು. ಸೋಮವಾರದಿಂದ ಬುಧವಾರ ಗಾಡಿ ನಮ್ಮ ಕಲ್ಲು ಹೊರುವುದು, ಗುರುವಾರದಿಂದ ಶನಿವಾರ ಮುಕಾದಮನ ಹೆಂಡತಿಯ ಮಂದಿಯನ್ನು ಕೆಲಸಕ್ಕೆ ಒಯ್ಯುವುದು. ಹೇಳಿದವರು ನನ್ನ ಗಂಡ, ತಲೆಯಾಡಿಸಿದವಳು ಅವಳು, ಕೇಳಿದವರು ನಾನು ಮತ್ತು ಮಿಸ್ತ್ರಿ. ಕಾಗದದ ಮಾತು ಆವತ್ತು ಯಾರೂ ಎತ್ತಲಿಲ್ಲ.

ನೀಲಿ ಗಾಡಿಯನ್ನು ಎತ್ತಿನ ಬಂಡಿಗೆ ಕಟ್ಟಿ ಎಳೆದು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಬೇವಿನ ಕೊಂಬೆಗೆ ಚೈನ್‌ಪುಲ್ಲಿ ಹಾಕಿ ಇಂಜಿನ್ನನ್ನು ಮೇಲೆತ್ತಿದ ದಿನ ಅವಳು ಒಂದು ಮೊರ ತಂದಿದ್ದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಖಣದ ಬಟ್ಟೆ, ಎಲೆ ಅಡಿಕೆ, ಅರಿಶಿನ ಕುಂಕುಮ. ಇಂಜಿನ್ನು ಎಣ್ಣೆ ತೊಟ್ಟಿಕ್ಕುತ್ತ ಗಾಳಿಯಲ್ಲಿ ತೂಗುತ್ತಿದೆ. ಇವಳು ಅದಕ್ಕೆ ಕುಂಕುಮ ಹಚ್ಚಿ, ಖಣ ಹೊದಿಸಿ, ನನ್ನ ಕಡೆ ತಿರುಗಿ ಸೆರಗು ಒಡ್ಡಲು ಹೇಳಿದಳು. ಅದು ಉಡಿ ತುಂಬುವ ಶಾಸ್ತ್ರ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಮಾಡುವುದು. ಇಂಜಿನ್ನಿಗೆ ಸೆರಗಿಲ್ಲವಲ್ಲ, ಅದರ ಪರವಾಗಿ ನಾನು.

ಐ ಫೆಲ್ಟ್ ಸೋ ಸಿಲ್ಲಿ. ಮಿಸ್ತ್ರಿ ತಂಬಾಕು ಉಗುಳಿ ಬಂದು ಮರ್ಯಾದೆಯಿಂದ ಕೈಕಟ್ಟಿ ನಿಂತ. ನನ್ನ ಗಂಡ ನಗುತ್ತಿದ್ದರು. ನಾನೂ ನಗು ತಡೆಯುತ್ತ ಸೆರಗೊಡ್ಡಿದೆ. ಅವಳು ಐದು ಬಾರಿ ಬೊಗಸೆ ತುಂಬಿ ಅಕ್ಕಿ ಹಾಕಿದಳು.

"ನಮ್ಮ ಹುಡಿಗೀಗಿ ಏನೂ ಕಮ್ಮಿ ಮಾಡಬ್ಯಾಡ್ರಿ ಅಕ್ಕಾರ," ಎಂದಳು. "ಪಂಚಮಿಗೆ ಕರಿಯಾಕ ಬರತೀನಿ."

ಆಮೇಲೆ ಒಂದು ಹಿಡಿ ಅಕ್ಕಿಯನ್ನು ಅವಳ ಮೊರಕ್ಕೆ ವಾಪಸು ಹಾಕಲು ಹೇಳಿದಳು. ತವರು ಬರಿದಾಗಬಾರದು ಎಂದು ಹಾಗೆ ಮಾಡುತ್ತಾರೆ. ಹಾಕಿದೆ. ಅವಳಿಗೆ ನಮ್ಮಿಂದ ಕೊನೆಗೆ ಸಂದದ್ದು ಆ ಒಂದು ಹಿಡಿ ಅಕ್ಕಿಯೇ.

ಆವತ್ತಿನಿಂದ ನನ್ನ ಗಂಡ ಅವಳನ್ನು ಬೀಗತಿ ಎಂದೇ ಕರೆಯತೊಡಗಿದರು. ಗೇಟು ಸದ್ದಾದರೆ ಸಾಕು, ಒಳಗೆ ನನಗೆ ಕೇಳುವಂತೆ, "ನಿನ್ನ ಬೀಗತಿ ಬಂದಾಳ ನೋಡು, ಚಾ ಇಡು," ಎನ್ನುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. ಬರೀ ಚಹಾ ಕೊಟ್ಟರೆ ಬೀಗರು ಸಿಟ್ಟಾಗ್ತಾರೆ, ಜೋಡಿ ಏನಾದರೂ ಕರಿದಿದ್ದು ಕೊಡ್ರಿ ಎನ್ನುವಳು. ಆ ಮಾತು ಕೇಳಿ ನಾವೆಲ್ಲ ನಗುತ್ತಿದ್ದೆವು. ಅವಳ ಮಟ್ಟಿಗೆ ಅದು ನಿಜವಾದ ಸಂಬಂಧ, ನಮಗೆ ಬರೀ ಜೋಕು. ಇದು ನನಗೆ ತಿಳಿಯಲು ತಡವಾಯಿತು. ಕನ್ನಡದವಳಾಗಿ ಹುಟ್ಟಿ, ಪ್ರತಿ ಪಂಚಮಿಗೆ ತವರಿಗೆ ಹೋಗಿ ಉಂಡಿ ತಿಂದು ಬರುತ್ತಿದ್ದವಳಿಗೆ ತಡವಾಯಿತು. ಅದಕ್ಕೆ ಕಾನ್ವೆಂಟನ್ನು ದೂರಲಾರೆ.

ಕೆಲಸ ನಾಲ್ಕೈದು ತಿಂಗಳು ಹಿಡಿಯಿತು. ಅವಳು ಸಂಜೆ ಕೆಲಸ ಮುಗಿಸಿ ಬಂದು, ಅಂಗಳದ ಫರಶಿಯ ಮೇಲೆ ಕೂತು, ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಯುತ್ತಿದ್ದಳು. ನನ್ನ ಹಳೆಯ ಸೀರೆ ಹರಿದು ಪಟ್ಟಿ ಮಾಡಿದ್ದೆವು. ಅವಳ ಗಾಡಿಯಿಂದ ಬಂದ ಭಾಗಕ್ಕೆ ಪಟ್ಟಿ ಕಟ್ಟುವುದು, ನಮ್ಮದಕ್ಕೆ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲಿ ನೋಡಿದರೂ ಪಟ್ಟಿಯೇ. ಇಂಜಿನ್, ಗೇರ್‌ಬಾಕ್ಸು, ಸ್ಟೇರಿಂಗ್ ಬಾಕ್ಸು, ಡೈನಮೊ, ಎಡಗಡೆಯ ಬಾಗಿಲು ಎಲ್ಲ ಅವಳವು. ಫರಶಿಯ ಭಾರಕ್ಕೆ ನಮ್ಮ ಹಿಂದಿನ ಸ್ಪ್ರಿಂಗ್ ಸಾಲದು, ತನ್ನ ಗಾಡಿಯ ಸ್ಪ್ರಿಂಗುಗಳನ್ನೂ ಸೇರಿಸು ಎಂದು ಮಿಸ್ತ್ರಿಗೆ ಹೇಳಿದವಳೂ ಅವಳೇ. ಮಿಸ್ತ್ರಿ ಮೊದಲು ಹೆಂಗಸಿನ ಮಾತೆಂದು ಗೊಣಗಿದ, ಆಮೇಲೆ ಲೆಕ್ಕ ಹಾಕಿ ನೋಡಿ ಸುಮ್ಮನೆ ಸೇರಿಸಿದ.

ಇಂಜಿನ್ ಮೊದಲ ಸಲ ಹೊಸ ಮೈಯಲ್ಲಿ ಎದ್ದಾಗ ಆ ಟಕ್ ಟಕ್ ಕೇಳಿಸಿತು. ಮಿಸ್ತ್ರಿ ಸ್ಪ್ಯಾನರ್ ಹಿಡಿದು ಬಗ್ಗಿದ. ಇವಳು ತಡೆದಳು. ಅದು ಮೊದಲಿನಿಂದಲೂ ಹಾಗೇ, ನಮ್ಮ ಹುಡುಗಿಯ ಗೆಜ್ಜೆ ಅದು, ಬಿಚ್ಚಬೇಡ ಎಂದಳು. ಅದನ್ನೇ ನಾನು ಅವನಿಗೆ ಮರಾಠಿಯಲ್ಲಿ ಹೇಳಿದೆ. ಮಿಸ್ತ್ರಿ ನಕ್ಕು, ಈ ಸದ್ದಿನಿಂದ ಇಂಜಿನ್ನಿಗೆ ಸದ್ಯಕ್ಕೆ ಕೆಡುಕಿಲ್ಲ ಎಂದು ಸ್ಪ್ಯಾನರ್ ಕೆಳಗಿಟ್ಟ.

ಹಸಿರು ಗಾಡಿ, ಎಡಕ್ಕೆ ಒಂದು ನೀಲಿ ಬಾಗಿಲು. ಐ ಥಾಟ್ ಇಟ್ ವಾಸ್ ದ ಪ್ರೆಟಿಯೆಸ್ಟ್ ಥಿಂಗ್ ಇನ್ ಪೂನಾ.

ಇನ್ನು ಕಾಗದ. ಚಾಸಿ ನಂಬರ್ ನಮ್ಮದು, ಆದ್ದರಿಂದ ಗಾಡಿಯ ನೋಂದಣಿ ಪುಸ್ತಕವೂ ನಮ್ಮ ಹೆಸರಲ್ಲೇ. ಬದಲಾದ ಇಂಜಿನ್ ನಂಬರನ್ನು ಅದರಲ್ಲಿ ಬರೆಸಬೇಕು, ಅದಕ್ಕೆ ಇಂಜಿನ್ನಿನ ಮಾಲೀಕನ ಪತ್ರ ಬೇಕು. ಒಂದು ಬೆಳಿಗ್ಗೆ ನನ್ನ ಗಂಡ ವರಾಂಡದಲ್ಲಿ ಕೂತು ಹೇಳುತ್ತ ಹೋದರು, ನಾನು ಕಾರ್ಬನ್ ಇಟ್ಟು ಬರೆಯುತ್ತ ಹೋದೆ. ನಡುವೆ ಒಂದು ಸಾಲು ಬಂತು: ಹ್ಯಾವ್ ಸೋಲ್ಡ್ ದ ಸೇಮ್ ಆಸ್ ಸ್ಕ್ರ್ಯಾಪ್, ಅಂಡ್ ಹ್ಯಾವ್ ನೋ ಫರ್ದರ್ ಕ್ಲೇಮ್. ಗುಜರಿಯೆಂದು ಮಾರಿದ್ದೇನೆ, ಇನ್ನು ಯಾವ ಹಕ್ಕೂ ಇಲ್ಲ. ಮಾರಿದ್ದೂ ಇಲ್ಲ, ಕೊಂಡದ್ದೂ ಇಲ್ಲ. ನನ್ನ ಪೆನ್ನು ನಿಂತಿತು. "ಫಾರ್ಮ್ಯಾಟ್ ಹಂಗ ಇರತದ, ಬರಿ," ಎಂದರು. ಬರೆದೆ. ಎಸ್ ಅಕ್ಷರದ ಬಾಲ ಎಷ್ಟು ಚೆನ್ನಾಗಿ ಬಂದಿತ್ತು ಎಂಬುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದಟ್ ಇಸ್ ವಾಟ್ ಐ ಕಾಂಟ್ ಫರ್ಗಿವ್.

ಸಂಜೆ ಅವಳು ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡು, ರಂಗೋಲಿ ಹಾಕಿದಂತೆ ಬರೆದೀರಿ ಎಂದಳು. ಏನು ಬರೆದಿದೆ ಎಂದು ಕೇಳಿದಳು. ಇಂಜಿನ್ ನಮ್ಮ ಗಾಡಿಗೆ ಕೊಟ್ಟಿದ್ದೀರಿ ಅಂತ, ಎಂದೆ. ಇಷ್ಟೇ ಹೇಳಿದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲಿಲ್ಲ, ಚಿಕ್ಕದು ಮಾಡಿ ಹೇಳಿದೆನೆಂದು ಅನ್ನಿಸಿತು. ಅವಳು ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಮನೆಗೆ ಒಯ್ದಳು. ಹಾಸಿಗೆಯಲ್ಲಿದ್ದ ಗಂಡನಿಗೆ ನಾನು ಹೇಳಿದ್ದನ್ನೇ ಹೇಳಿ, ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಮರುದಿನ ತಂದುಕೊಟ್ಟಳು.

ಒಂದಷ್ಟು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಗುರುವಾರ ಬೆಳಿಗ್ಗೆ ಅವಳ ತಮ್ಮ ಬಂದು ಹ್ಯಾಂಡಲ್ ತಿರುಗಿಸಿ ಗಾಡಿ ಎಬ್ಬಿಸುವನು, ಶನಿವಾರ ಸಂಜೆ ತಂದು ನಿಲ್ಲಿಸುವನು. ಆಮೇಲೆ ನಮಗೆ ಒಂದು ದೊಡ್ಡ ಕಾರ್ಖಾನೆಯ ಕೆಲಸ ಸಿಕ್ಕಿತು, ಕುರಕುಂಭದ ಕಡೆ. ಒಂದು ಗುರುವಾರ ನನ್ನ ಗಂಡ, ಈ ವಾರ ಒಂದು ದಿನ ನಮಗಿರಲಿ ಎಂದರು. ಅವಳು ಒಪ್ಪಿದಳು, ಬೀಗರ ಅಡಚಣೆಯಲ್ಲವೇ. ಮುಂದಿನ ವಾರ ಶುಕ್ರವಾರವೂ ಹೋಯಿತು. ಆಮೇಲೆ ಟೈರಿನ ನೆಪ, ಪೋಲೀಸರ ನೆಪ, ಅವಳ ತಮ್ಮ ಗೇರು ಹಾಕುವ ರೀತಿ ಸರಿಯಿಲ್ಲ ಎಂಬ ನೆಪ. ದೀಪಾವಳಿಯ ಹೊತ್ತಿಗೆ ಅವಳ ಪಾಲಿಗೆ ಶನಿವಾರವೊಂದೇ ಉಳಿಯಿತು, ಸಂಕ್ರಮಣದ ಹೊತ್ತಿಗೆ ಅದೂ ಹೋಯಿತು. ಅವಳ ಗುಂಪಿನವರು ಒಬ್ಬೊಬ್ಬರಾಗಿ ಗಾಡಿಯಿದ್ದ ಬೇರೆ ಮುಕಾದಮರನ್ನು ಸೇರಿಕೊಂಡರು.

ನನ್ನ ಗಂಡ ದುಷ್ಟರೆಂದು ಯಾರೂ ಹೇಳುತ್ತಿರಲಿಲ್ಲ. ಹಾಲಿನವನ ಮಗನಿಗೆ ಫೀಸು ಕಟ್ಟಿದ ಮನುಷ್ಯ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ತಾವು ಅನ್ಯಾಯ ಮಾಡುತ್ತಿದ್ದೇವೆಂದು ಅವರಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಪುಸ್ತಕ ನಮ್ಮ ಹೆಸರಲ್ಲಿದೆ, ಗಾಡಿ ನಮ್ಮದು. ಎಷ್ಟು ಸಲೀಸು. ನಾವು ಜಗಳವಾಡಿದೆವು. ಆಳುಗಳಿಗೆ ತಿಳಿಯಬಾರದೆಂದು ನಮ್ಮ ಜಗಳ ಯಾವಾಗಲೂ ಇಂಗ್ಲಿಷಿನಲ್ಲೇ. ಬಾಗಿಲು ಹಾಕಿಕೊಂಡು ಇಟ್ಸ್ ನಾಟ್ ಫೇರ್ ಎಂದೆ, ಯೂ ಗೇವ್ ಯುವರ್ ವರ್ಡ್ ಎಂದೆ. ಎಲ್ಲ ಒಳ್ಳೆಯ ಗ್ರಾಮರಿನಲ್ಲಿ ಹೇಳಿ, ಬಾಗಿಲು ತೆರೆದು ಹೊರಗೆ ಬಂದು ಎಲ್ಲರಿಗೂ ಊಟ ಬಡಿಸಿದೆ. ಆ ಸಿಟ್ಟು ಕನ್ನಡದಲ್ಲಿ, ಅಂಗಳದಲ್ಲಿ, ನಾಲ್ಕು ಜನ ಕೇಳುವಂತೆ ಬಂದಿದ್ದರೆ ಏನಾದರೂ ಉಪಯೋಗವಿತ್ತು.

ಶ್ರಾವಣ ಬಂತು. ಪಂಚಮಿಯ ದಿನ ಬೆಳಿಗ್ಗೆ ಗೇಟು ಸದ್ದಾಯಿತು. ಅವಳು ಇಳಕಲ್ ಸೀರೆಯುಟ್ಟು, ತಲೆಗೆ ಹೂ ಮುಡಿದು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಬಂದಿದ್ದಳು. ನನ್ನ ಗಂಡ ಮಿಸ್ತ್ರಿಯ ಜೊತೆ ಗಾಡಿಯ ಪಕ್ಕ ನಿಂತಿದ್ದರು.

"ನಿನ್ನ ಬೀಗತಿ ಬಂದಾಳ ನೋಡು," ಎಂದರು. ಈ ಸಲ ಚಹಾ ಇಡು ಎನ್ನಲಿಲ್ಲ.

"ಹುಡಿಗೀನ ಕರಿಯಾಕ ಬಂದೀನ್ರಿ ಸಾವಕಾರ್ರ. ನಮ್ಮ ಮನ್ಯಾಗಿನವರು ಭಾಳ ನೆನಸಾಕತ್ಯಾರ. ಒಂದು ದಿನದ ಮಟ್ಟಿಗಿ. ನಾಳಿ ತಂದು ಬಿಡತೀನಿ."

"ಯಾವ ಹುಡಿಗಿ? ಗಾಡಿ ನಂದು. ಕಾಗದ ಅದ ನನ್ನ ಕಡೆ."

"ಕಾಗದದಾಗ ಏನದ ಅಂತ ಅಕ್ಕಾರು ನನಗ ಹೇಳ್ಯಾರ್ರಿ."

ಮೂವರೂ ವರಾಂಡದಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. ನನ್ನ ಗಂಡ ಒಳಗೆ ಹೋಗಿ ಕಾರ್ಬನ್ ಪ್ರತಿ ತಂದು ನನ್ನ ಕೈಗೆ ಕೊಟ್ಟರು, ಓದು ಎಂದರು. ನಾನು ಓದಿದೆ. ಎಲಕ್ಯೂಶನ್ ಪ್ರೈಜ್ ಗೆದ್ದವಳ ಹಾಗೆ, ಒಂದು ಕಾಮಾ ಬಿಡದೆ ಓದಿದೆ. ಅವಳು ತಾಳ್ಮೆಯಿಂದ ಕೇಳಿದಳು.

"ನಮ್ಮ ಮಾತಿನಾಗ ಹೇಳ್ರಿ," ಎಂದಳು.

ಹೇಳಿದೆ. ಗುಜರಿ ಎಂಬ ಮಾತು ಬಂದಾಗ ಅವಳ ಮುಖ ನೋಡಲಾಗದೆ ನೀಲಿ ಬಾಗಿಲು ನೋಡಿದೆ.

"ಇದು ಆವತ್ತ ಇತ್ತೇನ್ರಿ?"

"ಇತ್ತು."

"ಅಂವ ಹೆಬ್ಬಟ್ಟು ಒತ್ತಿದ್ದು ನನ್ನ ಮಾತಿನ ಮ್ಯಾಲ ಅಕ್ಕಾರ. ಈಗ ನಾ ಹೋಗಿ ಏನಂತ ಹೇಳಲಿ?"

ಅವಳು ಗಂಟು ಬಿಚ್ಚಿ, ತಂದಿದ್ದ ಎಳ್ಳುಂಡಿ ಶೇಂಗಾದುಂಡಿಗಳನ್ನು ಗಾಡಿಯ ಫುಟ್‌ಬೋರ್ಡಿನ ಮೇಲೆ ಒಂದೊಂದಾಗಿ ಇಟ್ಟಳು. ತವರಿನಿಂದ ತಂದದ್ದನ್ನು ವಾಪಸು ಒಯ್ಯುವುದಿಲ್ಲ. ಬರಿದಾದ ಬಟ್ಟೆಯನ್ನು ಕೊಡವಿ, ಹೆಗಲ ಮೇಲೆ ಹಾಕಿಕೊಂಡು ನಡೆದಳು.

ನನ್ನ ಗಂಡ ಒಂದು ಶೇಂಗಾದುಂಡಿ ಎತ್ತಿಕೊಂಡು ತಿಂದರು. "ಚಲೋ ಆಗ್ಯಾವ," ಎಂದರು.

ಮಿಸ್ತ್ರಿ ಮುಟ್ಟಲಿಲ್ಲ. ಅದೇ ವಾರ ಅವನನ್ನು ಕರೆಸಿ ನೀಲಿ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದರು, ಟ್ಯಾಪೆಟ್ಟು ಬಿಗಿ ಮಾಡಿಸಿದರು. ಸದ್ದು ತಲೆನೋವು ತರುತ್ತದೆ ಎಂದರು. ಮಿಸ್ತ್ರಿ ತಲೆಯೆತ್ತದೆ ಕೆಲಸ ಮುಗಿಸಿ ಹೋದ. ಆಮೇಲೆ ಎಷ್ಟು ಸಲ ಹೇಳಿ ಕಳಿಸಿದರೂ ನಮ್ಮ ಅಂಗಳಕ್ಕೆ ಬರಲಿಲ್ಲ. ಅಷ್ಟು ಧೈರ್ಯ ಒಬ್ಬ ತಂಬಾಕಿನ ಮುದುಕನಿಗಿತ್ತು. ನಾನು ಅದೇ ಮನೆಯಲ್ಲಿ ಉಳಿದೆ, ಪತ್ರಗಳನ್ನು ಬರೆಯುತ್ತಲೂ ಉಳಿದೆ. ಒಂದೇ ಒಂದು ಬದಲಾವಣೆ: ಕರ್ಸಿವ್ ಬಿಟ್ಟು ಬಿಡಿಬಿಡಿ ಅಕ್ಷರದಲ್ಲಿ ಬರೆಯತೊಡಗಿದೆ. ಯಾಕೆಂದು ನನ್ನ ಗಂಡ ಕೇಳಲಿಲ್ಲ, ಗಮನಿಸಿದರೋ ಇಲ್ಲವೋ. ಯಾರಿಗೂ ಲಾಭವಿಲ್ಲದ ಪ್ರಾಯಶ್ಚಿತ್ತ.

ಅವಳನ್ನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ನಡುವೆ. ನನ್ನ ಗಂಡನಿಗೆ ಮೊಣಕಾಲಿನ ಆಪರೇಶನ್ ಆಗಿ, ಮಾಲು ಇಳಿಸುವುದನ್ನು ನೋಡಿಕೊಳ್ಳಲು ನಾನು ಗಾಡಿಯಲ್ಲಿ ಹೋಗುತ್ತಿದ್ದೆ. ವಾಕಡದಲ್ಲಿ ಆಗ ಹೊಲಗಳೇ, ಜೋಳದ ನಡುವೆ ಯಾರೋ ಶ್ರೀಮಂತರು ಬಂಗಲೆ ಕಟ್ಟಿಸುತ್ತಿದ್ದರು. ಡ್ರೈವರ್ ಇಂಜಿನ್ ಆರಿಸದೆ ನಿಲ್ಲಿಸಿದ. ಕಲ್ಲು ಹೊರಲು ಹೆಂಗಸರ ಸಾಲು ಬಂತು. ಸಾಲಿನಲ್ಲಿ ಅವಳಿದ್ದಳು, ಬೇರೆ ಯಾರದೋ ಗುಂಪಿನಲ್ಲಿ. ಹಣೆಯಲ್ಲಿ ಕುಂಕುಮವಿರಲಿಲ್ಲ.

ಅವಳು ನನ್ನನ್ನು ನೋಡುವ ಮೊದಲು ಗಾಡಿಯನ್ನು ನೋಡಿದಳು. ಎಡಗಡೆಯ ಬಾಗಿಲಿನ ಹತ್ತಿರ ಬಣ್ಣ ಚಕ್ಕೆಯೆದ್ದ ಕಡೆ ಕೆಳಗಿನ ನೀಲಿ ಕಾಣುತ್ತಿತ್ತು, ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಮುಂದೆ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಿವಿಗೊಟ್ಟಳು.

"ಸಪ್ಪಳಾನೇ ಇಲ್ಲಲ್ಲ," ಎಂದಳು. ನನಗಲ್ಲ, ಗಾಡಿಗೆ.

ನಾನು ಕೆಳಗಿಳಿದೆ. ಹೇಳಬೇಕೆಂದು ವರ್ಷಗಟ್ಟಲೆ ಇಟ್ಟುಕೊಂಡ ಮಾತು, ಬಾಯಿಗೆ ಬಂದದ್ದು ಸಾರಿ ಎಂಬ ಇಂಗ್ಲಿಷ್ ಪದ. ಅದು ಕೇಳಿಸಿತೋ ಇಲ್ಲವೋ, ಅವಳು ತಲೆಯ ಮೇಲೆ ಸಿಂಬಿ ಸರಿಮಾಡಿಕೊಂಡು ಹಿಂಬದಿಗೆ ಬಂದು ನಿಂತಳು.

"ಒಂದು ಕೈ ಹಚ್ಚರಿ ಅಕ್ಕಾರ. ಹಿಂದಿನವರು ನಿಂತಾರ."

ಇಷ್ಟು ವರ್ಷ ಕಲ್ಲಿನ ವ್ಯಾಪಾರದ ಮನೆಯಲ್ಲಿದ್ದು ನಾನು ಒಂದು ಕಲ್ಲನ್ನೂ ಎತ್ತಿರಲಿಲ್ಲ. ಆವತ್ತು ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು. ಅಂಚು ನನ್ನ ಅಂಗೈಗೆ ಕೊರೆಯಿತು. ಕಲ್ಲು ಅವಳ ತಲೆಯ ಮೇಲೆ ಕೂತಿತು. ಕುತ್ತಿಗೆ ಅಲುಗಿಸದೆ ತಿರುಗಿ, ಇನ್ನೂ ಬಾಗಿಲು ಕೂರಿಸದ ಆ ಮನೆಯೊಳಗೆ ಹೋದಳು. ಅವಳ ಹಿಂದಿನವಳು ಬಂದು ನನ್ನ ಮುಂದೆ ನಿಂತಳು.